ಛಾಯೆಯ ಮಕ್ಕಳು ಮತ್ತು ಕಾನೂನು

ಪಣಜಿಯ ಹಳೆಯ ವಕೀಲರ ಕಪಾಟುಗಳಲ್ಲಿ ಇಂದಿಗೂ ಸ್ಥಾನ ಉಳಿಸಿಕೊಂಡಿರುವ ಗ್ರಂಥಗಳಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಒಂದು. 1870ರ ಜುಲೈ 1ರಿಂದ ಗೋವೆಯಲ್ಲಿ ಜಾರಿಗೆ ಬಂದ ಈ ಸಂಹಿತೆಯು 1961ರ ವಿಮೋಚನೆಯ ನಂತರವೂ, 1962ರ ಆಡಳಿತ ಕಾಯಿದೆಯ ಬಲದಿಂದ ಮುಂದುವರಿಯಿತು. ಪೋರ್ಚುಗಲ್ ದೇಶವಾದರೋ 1966ರಲ್ಲಿ ಹೊಸ ಸಂಹಿತೆಯನ್ನು ರಚಿಸಿಕೊಂಡು ಹಳೆಯದನ್ನು ಕೈಬಿಟ್ಟಿತು. ತಾಯ್ನಾಡಿನಲ್ಲಿ ಮೂಲವು ಅಳಿದ ಮೇಲೂ ಮಾಂಡವಿಯ ದಂಡೆಯಲ್ಲಿ ಅದರ ಪ್ರತಿಯು ಬಾಳಿತು. ದಾಯಭಾಗಕ್ಕೆ ಸಂಬಂಧಿಸಿದ ಭಾಗವನ್ನು ಗೋವೆಯ ವಿಧಾನಸಭೆ ತನ್ನದೇ 2012ರ ಕಾಯಿದೆಯಿಂದ ಬದಲಿಸಿದ್ದರೂ, ಹಳೆಯ ಸಂಹಿತೆಯ ತಿರುಳು ಹೊಸದರಲ್ಲಿ ಹರಿದು ಬಂದಿದೆ.

ಈ ಸಂಹಿತೆಯ ಮೊದಲ ಕಲಮು ಹಕ್ಕು ಮತ್ತು ಬಾಧ್ಯತೆಗಳಿಗೆ ಮನುಷ್ಯನೊಬ್ಬನೇ ಪಾತ್ರನೆಂದು ಸಾರುತ್ತದೆ. ಹುಟ್ಟಿನಿಂದಲೇ ಆ ಪಾತ್ರತೆ ಲಭಿಸುತ್ತದೆಂದು ಮತ್ತೊಂದು ಕಲಮು ಹೇಳುತ್ತದೆ. ಇನ್ನೊಂದೆಡೆ ಓದುಗನನ್ನು ಬೆಚ್ಚಿಸುವ ಷರತ್ತೊಂದಿದೆ: ಜೀವಂತವಾಗಿ ಜನಿಸಿದ, ಮತ್ತು ಮನುಷ್ಯಾಕೃತಿಯನ್ನು ಹೊಂದಿದ ಶಿಶುವನ್ನು ಮಾತ್ರ ಕಾನೂನು ಮಗುವೆಂದು ಪರಿಗಣಿಸುತ್ತದೆ. ಸ್ಪೇನ್ ದೇಶದ ಸಂಹಿತೆಯಲ್ಲಿ ಇಂಥದೇ ಮಾತು 2011ರವರೆಗೂ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಶಾಸನಕಾರರಿಗೆ ಮನುಷ್ಯನನ್ನು ಗುರುತಿಸಲು ಹುಟ್ಟು ಒಂದೇ ಸಾಲದೆ ಆಕೃತಿಯ ಸಾಕ್ಷಿಯೂ ಬೇಕಾಗಿತ್ತು.

ಹಳತೆಂದು ತಳ್ಳಿಹಾಕಬಹುದಾದ ಈ ಪ್ರಶ್ನೆ ಇಂದು ಮತ್ತೆ ಮತ್ತೆ ತಲೆಯೆತ್ತುತ್ತಿರುವುದು ನ್ಯಾಯಾಲಯಗಳಲ್ಲಿ ಅಲ್ಲ, ಸೂಪರ್‌ಹೀರೋ ಕಥನಗಳಲ್ಲಿ. ಪಂಪ, ಕುಮಾರವ್ಯಾಸರನ್ನು ಪಠ್ಯವಾಗಿ ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ ಸಂಜೆ ಮೊಬೈಲಿನಲ್ಲಿ ನೋಡುವ ಕಥೆಗಳಿವು. ಅವುಗಳಲ್ಲಿ ಪುನಃ ಪುನಃ ಬರುವ ಪಾತ್ರವೆಂದರೆ ತದ್ರೂಪಿ: ಒಬ್ಬ ನಾಯಕನ ಜೀವಕೋಶದಿಂದ ಪ್ರಯೋಗಾಲಯದಲ್ಲಿ ನಿರ್ಮಿತನಾದ ಇನ್ನೊಬ್ಬ. ಅವನು ಯಾರು? ಮಗನೆ, ತಮ್ಮನೆ, ಸರಕೆ, ಶತ್ರುವೆ? ಮನರಂಜನೆಯ ಕಥೆಗೆ ಇಷ್ಟು ಗಂಭೀರ ವಿಚಾರಣೆ ಏಕೆಂಬ ಆಕ್ಷೇಪ ಸಹಜ. ಆದರೆ ಪುರಾಣಗಳೂ ಒಂದು ಕಾಲಕ್ಕೆ ಜನರ ರಂಜನೆಯ ಕಥೆಗಳೇ ಆಗಿದ್ದುವು. ಹುಟ್ಟು, ಕುಲ, ಅಧಿಕಾರಗಳ ಕುರಿತ ಸಮಾಜದ ಅಳುಕುಗಳನ್ನು ಅವು ಹೊತ್ತಿದ್ದುವು.

ಈ ಕಥೆಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೇ ತಪ್ಪಾದುದು. ‘ಇಬ್ಬರಲ್ಲಿ ಅಸಲಿ ಯಾರು?’ ಎಂಬುದು ಆ ಪ್ರಶ್ನೆ. ಸ್ಪೈಡರ್‌ಮ್ಯಾನ್‌ನ ತದ್ರೂಪಿ ಮೊದಲು ಕಾಣಿಸಿಕೊಂಡದ್ದು 1975ರ ಸಂಚಿಕೆಗಳಲ್ಲಿ. 1994ರಲ್ಲಿ ಅವನು ಮರಳಿ ಬಂದಾಗ ಅವನಿಗೊಂದು ಹೆಸರಿತ್ತು, ಬೆನ್ ರೈಲಿ. ಚಿಕ್ಕಪ್ಪನ ಹೆಸರನ್ನೂ ಚಿಕ್ಕಮ್ಮನ ತವರಿನ ಅಡ್ಡಹೆಸರನ್ನೂ ಸೇರಿಸಿ ಅವನೇ ಕಟ್ಟಿಕೊಂಡ ಹೆಸರು ಅದು. ಮೂಲನಾದ ಪೀಟರ್ ಪಾರ್ಕರನ ಬಾಲ್ಯದ ನೆನಪುಗಳೆಲ್ಲ ಅವನಲ್ಲೂ ಇದ್ದುವು. ಆದರೆ ಮನೆ, ಮಡದಿ, ದಾಖಲೆ ಯಾವುದೂ ಇರಲಿಲ್ಲ. ಇಷ್ಟು ವರ್ಷ ಓದುಗರು ಮೆಚ್ಚಿದ ಪೀಟರನೇ ತದ್ರೂಪಿ, ಬೆನ್ ಮೂಲನು ಎಂದು ಕಥೆಗಾರರು ಒಂದು ಹಂತದಲ್ಲಿ ಸೂಚಿಸಿದಾಗ ಓದುಗರಲ್ಲಿ ದೊಡ್ಡ ಅಸಮಾಧಾನ ಹುಟ್ಟಿತು. ಕೊನೆಗೆ 1996ರಲ್ಲಿ ಬೆನ್ ಪೀಟರನನ್ನು ಕಾಪಾಡಲು ಪ್ರಾಣ ತೆತ್ತು, ಅವನ ದೇಹ ಧೂಳಾಗಿ ಉದುರಿತು. ಆ ಧೂಳೇ ಅವನು ನಕಲಿ ಎಂಬುದಕ್ಕೆ ಪುರಾವೆಯಾಯಿತು. ವ್ಯಾಜ್ಯವನ್ನು ತೀರ್ಮಾನಿಸುವ ಬದಲು ಕಥೆಯು ವಾದಿಯನ್ನೇ ಇಲ್ಲವಾಗಿಸಿತು.

‘ನಕಲು’ ಎಂಬ ಶಬ್ದವನ್ನೇ ಇಲ್ಲಿ ಪರಿಶೀಲಿಸಬೇಕು. ಮರಾಠಿಯಲ್ಲಿ ನಕ್ಕಲ್ ಎಂದರೆ ಅಣಕವೂ ಹೌದು, ಕಚೇರಿಯಿಂದ ಪಡೆಯುವ ಕಾಗದದ ಪ್ರತಿಯೂ ಹೌದು. ಕನ್ನಡದ ಕಚೇರಿಗಳಲ್ಲಿಯೂ ದೃಢೀಕೃತ ನಕಲು ಎಂಬುದು ಮಾನ್ಯವಾದ ದಸ್ತಾವೇಜು. ಅಂದರೆ ನಕಲು ಎಂದೊಡನೆ ಹುಸಿ ಎಂಬ ಅರ್ಥ ಕಾಗದದ ವಿಷಯದಲ್ಲಿಯೂ ನಿಲ್ಲದು. ‘ತದ್ರೂಪಿ’ ಎಂಬ ಶಬ್ದವು ಇನ್ನೂ ನಿಖರವಾಗಿದೆ. ಅದು ರೂಪದ ಸಾಮ್ಯವನ್ನಷ್ಟೇ ಹೇಳುತ್ತದೆ, ವ್ಯಕ್ತಿ ಒಬ್ಬನೇ ಎಂದು ಹೇಳುವುದಿಲ್ಲ. 1978ರ ‘ಶಂಕರ್ ಗುರು’ ಚಿತ್ರದಲ್ಲಿ ಡಾ. ರಾಜಕುಮಾರ್ ತಂದೆಯಾಗಿಯೂ ಇಬ್ಬರು ಮಕ್ಕಳಾಗಿಯೂ ಅಭಿನಯಿಸಿದರು. ಒಂದೇ ಮುಖದ ಮೂವರನ್ನು ತೆರೆಯ ಮೇಲೆ ಕಂಡ ಪ್ರೇಕ್ಷಕರಲ್ಲಿ ಯಾರೊಬ್ಬರೂ ಇವರಲ್ಲಿ ಒಬ್ಬನಿಗೆ ಮಾತ್ರ ಹಕ್ಕಿರಬೇಕೆಂದು ಭಾವಿಸಲಿಲ್ಲ. ಅವಳಿ ಮಕ್ಕಳನ್ನು ಹೆತ್ತ ಯಾವ ತಾಯಿಯೂ ಇವರಲ್ಲಿ ಅಸಲಿ ಯಾರೆಂದು ಕೇಳುವುದಿಲ್ಲ. ಒಂದೇ ಅಂಡಾಣುವಿನಿಂದ ಒಡೆದು ಹುಟ್ಟಿದ ಅವಳಿಗಳು ನಿಸರ್ಗವೇ ಸೃಷ್ಟಿಸಿದ ತದ್ರೂಪಿಗಳು.

ಸರಿಯಾದ ಪ್ರಶ್ನೆಗಳು ಎರಡು: ಹುಟ್ಟಿದವನು ವ್ಯಕ್ತಿಯೆ? ಅವನ ಹೊಣೆ ಯಾರದು?

ಮೊದಲನೆಯದಕ್ಕೆ ಕಾನೂನು ಕೊಟ್ಟಿರುವ ಉತ್ತರಗಳಲ್ಲಿ ವಿಚಿತ್ರವಾದುದೊಂದು ಅಮೆರಿಕೆಯದು. ಎಕ್ಸ್-ಮೆನ್ ಪಾತ್ರಗಳ ಆಟಿಕೆಗಳನ್ನು ಆಮದು ಮಾಡಿಕೊಳ್ಳುತ್ತಿದ್ದ ಟಾಯ್ ಬಿಜ್ ಕಂಪನಿ ಸುಂಕದ ಅಧಿಕಾರಿಗಳೊಡನೆ ವ್ಯಾಜ್ಯಕ್ಕಿಳಿಯಿತು. ಮನುಷ್ಯರನ್ನು ಹೋಲುವ ಬೊಂಬೆಗೆ ಶೇಕಡ 12 ಸುಂಕವಿದ್ದರೆ, ಮನುಷ್ಯರಲ್ಲದ ಜೀವಿಗಳ ಆಟಿಕೆಗೆ ಶೇಕಡ 6.8 ಮಾತ್ರ ಇತ್ತು. ವೂಲ್ವರೀನ್ ಮತ್ತಿತರರು ಮನುಷ್ಯರಲ್ಲವೆಂದು ಕಂಪನಿ ವಾದಿಸಿತು; 2003ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವು ಅದನ್ನು ಒಪ್ಪಿತು. ಎಕ್ಸ್-ಮೆನ್‌ರೂ ಮನುಷ್ಯರೇ ಎಂದು ದಶಕಗಳ ಕಾಲ ಕಥೆ ಹೇಳಿದ ಮಾರ್ವೆಲ್ ಸಮೂಹಕ್ಕೇ ಸೇರಿದ ಕಂಪನಿ ಸುಂಕದ ಉಳಿತಾಯಕ್ಕಾಗಿ ಅವರ ಮನುಷ್ಯತ್ವವನ್ನು ಬಿಟ್ಟುಕೊಟ್ಟಿತು. ಬೊಂಬೆಗಳ ವಿಷಯವೆಂದು ನಗಬಹುದು. ಆದರೆ ಉಗುರು, ರೆಕ್ಕೆ, ಚರ್ಮದ ಬಣ್ಣಗಳನ್ನು ನೋಡಿ ಮನುಷ್ಯತ್ವವನ್ನು ಅಳೆದ ಆ ವಿಧಾನವು ಗೋವೆಯ ಹಳೆಯ ಸಂಹಿತೆಯ ‘ಮನುಷ್ಯಾಕೃತಿ’ಗಿಂತ ಬಹಳ ದೂರವಿಲ್ಲ.

ಅದೇ ವೂಲ್ವರೀನನ ತದ್ರೂಪಿ ಲಾರಾ. ಮೊದಲಿಗೆ ಅವಳಿಗೆ ಹೆಸರಿರಲಿಲ್ಲ, ಎಕ್ಸ್-23 ಎಂಬ ಸಂಖ್ಯೆ ಮಾತ್ರ ಇತ್ತು. ಚಿತ್ರಕಥೆಯ ಪುಸ್ತಕಗಳಲ್ಲಿ ವಿಜ್ಞಾನಿಯೊಬ್ಬಳೇ ಅವಳನ್ನು ಗರ್ಭದಲ್ಲಿ ಹೊತ್ತು ಹೆರುತ್ತಾಳೆ. ಪ್ರಯೋಗಾಲಯವಾದರೋ ಅವಳನ್ನು ಆಯುಧವೆಂದು ಬೆಳೆಸುತ್ತದೆ. 2017ರ ‘ಲೋಗನ್’ ಚಿತ್ರದಲ್ಲಿ ಇಂಥ ಮಕ್ಕಳನ್ನು ಕಂಪನಿಯು ಪೇಟೆಂಟ್ ಪಡೆದ ವಸ್ತುಗಳೆಂದು ಕಾಣುತ್ತದೆ. ಈ ಒಂದು ಅಂಶದಲ್ಲಿ ವಾಸ್ತವದ ಕಾನೂನು ಕಥೆಗಿಂತ ಮಾನವೀಯವಾಗಿದೆ. ಮನುಷ್ಯಜೀವಿಯ ಮೇಲೆ ಪೇಟೆಂಟ್ ಕೊಡಕೂಡದೆಂದು ಅಮೆರಿಕೆ 2011ರ ಕಾಯಿದೆಯಲ್ಲಿ ಹೇಳಿದೆ. 1996ರಲ್ಲಿ ಹುಟ್ಟಿದ ಡಾಲಿ ಕುರಿಯ ಮೇಲೆ ರಾಸ್ಲಿನ್ ಸಂಸ್ಥೆ ಪೇಟೆಂಟ್ ಕೇಳಿದಾಗ, ಮೂಲದ ಕುರಿಯಿಂದ ತಳಿಗುಣದಲ್ಲಿ ಭಿನ್ನವಲ್ಲದ ಪ್ರಾಣಿಯನ್ನು ಹೊಸ ನಿರ್ಮಿತಿ ಎನ್ನಲಾಗದೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ನಿರಾಕರಿಸಿತು. ಭಾರತದ 1970ರ ಪೇಟೆಂಟ್ ಕಾಯಿದೆಯೂ ಪ್ರಾಣಿಗಳನ್ನು ಆವಿಷ್ಕಾರವೆಂದು ಪರಿಗಣಿಸುವುದಿಲ್ಲ. ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ಹುಟ್ಟಿದ ತದ್ರೂಪಿ ಎಮ್ಮೆಕರುಗಳಿಗೆ ಸಮರೂಪಾ, ಗರಿಮಾ ಎಂದು ಹೆಸರಿಟ್ಟರು. ಎಮ್ಮೆಯ ಕರುವಿಗೂ ಹೆಸರು ದೊರೆಯಿತು. ಕಥೆಯ ಲಾರಾಳಿಗೆ ಸಂಖ್ಯೆಯೇ ಗತಿಯಾಯಿತು.

ಭಾರತದ ಕಾನೂನಿನಲ್ಲಿ ದೇವಾಲಯದ ವಿಗ್ರಹಕ್ಕೆ ವ್ಯಕ್ತಿತ್ವವಿದೆ. ಅದು ಆಸ್ತಿಯನ್ನು ಹೊಂದಬಲ್ಲದು, ದಾವೆ ಹೂಡಬಲ್ಲದು. ಕಂಪನಿಗೂ ವ್ಯಕ್ತಿತ್ವವಿದೆ. ಹೀಗಿರುವಾಗ ತದ್ರೂಪಿಯನ್ನು ನಿರ್ಮಿಸಿದ ಕಂಪನಿ ವ್ಯಕ್ತಿಯೆನಿಸಿ, ಉಸಿರಾಡುವ ತದ್ರೂಪಿ ವಸ್ತುವೆನಿಸುವುದು ಅಸಂಗತ. ಸಂವಿಧಾನದ 14 ಮತ್ತು 21ನೆಯ ವಿಧಿಗಳು ರಕ್ಷಣೆ ಕೊಡುವುದು ‘ವ್ಯಕ್ತಿ’ಗೆ. ಆ ವ್ಯಕ್ತಿ ಯಾವ ವಿಧಾನದಿಂದ ಗರ್ಭದಲ್ಲಿ ರೂಪುಗೊಂಡನೆಂದು ಅವು ಕೇಳುವುದಿಲ್ಲ, ಕೇಳಲೂ ಕೂಡದು.

ತದ್ರೂಪಿ ಸೃಷ್ಟಿಯನ್ನು ಲೋಕವು ನಿಷೇಧಿಸಿದೆಯಲ್ಲವೆ, ನಿಷಿದ್ಧ ಕ್ರಿಯೆಯ ಫಲಕ್ಕೆ ಹಕ್ಕೆಲ್ಲಿಯದು ಎಂದು ಕೇಳುವವರಿದ್ದಾರೆ. ಯುನೆಸ್ಕೋದ 1997ರ ಘೋಷಣೆಯು ಮಾನವ ತದ್ರೂಪಿ ಸಂತಾನವು ಮನುಷ್ಯ ಘನತೆಗೆ ವಿರುದ್ಧವೆಂದಿತು. ವಿಶ್ವಸಂಸ್ಥೆಯ ಮಹಾಸಭೆ 2005ರಲ್ಲಿ 84 ಮತಗಳಿಂದ, 34 ಮತಗಳ ವಿರೋಧದ ನಡುವೆ, ಘೋಷಣೆಯೊಂದನ್ನು ಅಂಗೀಕರಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯೂ ಇದನ್ನು ನಿಷಿದ್ಧ ಸಂಶೋಧನೆಗಳ ಪಟ್ಟಿಯಲ್ಲಿ ಇಟ್ಟಿದೆ. ಆ ನಿಷೇಧ ಉಚಿತವೇ. ಆದರೆ ಅದು ಮಾಡುವವನ ಕೈಯನ್ನು ತಡೆಯಲು ಇರುವುದು. ತಡೆಯನ್ನು ಮೀರಿ ಮಗುವೊಂದು ಹುಟ್ಟಿಯೇ ಬಿಟ್ಟರೆ, ಅಪರಾಧ ಹುಟ್ಟಿಸಿದವನದು, ಹುಟ್ಟಿದ ಮಗುವಿನದಲ್ಲ. ಭಾರತದ ನ್ಯಾಯಶಾಸ್ತ್ರ ಈ ವಿವೇಕವನ್ನು ಬಹಳ ನಿಧಾನವಾಗಿ ಕಲಿತಿದೆ. ಅನೂರ್ಜಿತ ವಿವಾಹದಿಂದ ಹುಟ್ಟಿದ ಮಕ್ಕಳ ಪಾಲಿನ ಬಗ್ಗೆ ಕರ್ನಾಟಕದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ವ್ಯಾಜ್ಯವೊಂದರಲ್ಲಿ, ತಂದೆತಾಯಿಯರ ಸಂಬಂಧ ಕಾನೂನಿಗೆ ಒಪ್ಪಿಗೆಯಾಗದಿದ್ದರೂ ಮಗುವಿನ ಹುಟ್ಟನ್ನು ಅದರಿಂದ ಬೇರ್ಪಡಿಸಿ ನೋಡಬೇಕೆಂಬ ನಿಲುವು 2011ರಲ್ಲಿ ವ್ಯಕ್ತವಾಯಿತು. 2023ರ ಸೆಪ್ಟೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಅಂಥ ಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಯರಿಗೆ ಬರುವ ಪಾಲಿನಲ್ಲಿ ಹಕ್ಕುಂಟೆಂದು ತೀರ್ಪಿತ್ತಿತು. ತದ್ರೂಪಿಯ ಪ್ರಶ್ನೆಗೆ ಬೇಕಾದ ಸೂತ್ರ ಅದರಲ್ಲಿಯೇ ಇದೆ.

ಎರಡನೆಯ ಪ್ರಶ್ನೆ, ಹೊಣೆಯದು, ಹೆಚ್ಚು ಜಟಿಲವಾದುದು. ತಳಿಶಾಸ್ತ್ರದ ಪ್ರಕಾರ ತದ್ರೂಪಿಯು ಮೂಲನ ತಡವಾಗಿ ಹುಟ್ಟಿದ ಅವಳಿ. ವಯಸ್ಸಿನ ಪ್ರಕಾರ ಅವನು ಮಗ. ಗೋವೆಯಲ್ಲಿ ಈ ಭೇದ ಬರಿಯ ತರ್ಕವಲ್ಲ. ಇಲ್ಲಿನ ದಾಯಕಾನೂನಿನಂತೆ ಮಕ್ಕಳಿರುವವನು ತನ್ನ ಪಾಲಿನ ಆಸ್ತಿಯಲ್ಲಿ ಅರ್ಧವನ್ನು ಮಾತ್ರ ಇಚ್ಛೆಯಂತೆ ಉಯಿಲು ಬರೆಯಬಲ್ಲನು. ಉಳಿದರ್ಧ ಮಕ್ಕಳಿಗೆ ಮೀಸಲು. ಸಹೋದರನಿಗೆ ಅಂಥ ಮೀಸಲು ಇಲ್ಲ. ಆದುದರಿಂದ ತದ್ರೂಪಿಯನ್ನು ತಮ್ಮನೆಂದರೆ ಅವನು ಬರಿಗೈಯಲ್ಲಿ ನಿಲ್ಲಬಹುದು, ಮಗನೆಂದರೆ ಮನೆಯೊಳಗೆ ಬರುತ್ತಾನೆ. ಆದರೆ ಕಥೆಗಳಲ್ಲಿ ಮೂಲನ ಜೀವಕೋಶವನ್ನು ಬಹುತೇಕ ಕದ್ದಿರುತ್ತಾರೆ. ತನಗರಿವಿಲ್ಲದೆ, ತನ್ನೊಪ್ಪಿಗೆಯಿಲ್ಲದೆ ಹುಟ್ಟಿದವನಿಗೆ ತಂದೆಯಾಗೆಂದು ಯಾರನ್ನಾದರೂ ಕಟ್ಟಿಹಾಕುವುದು ನ್ಯಾಯವೆ?

ಹಳೆಯ ಸಂಹಿತೆಯಲ್ಲಿಯೇ ಇದಕ್ಕೊಂದು ದಾರಿಯಿತ್ತು. ವಿವಾಹದ ಹೊರಗೆ ಹುಟ್ಟಿದ ಮಗುವನ್ನು ತಂದೆಯು ದಾಖಲೆಯ ಮೂಲಕ ತನ್ನದೆಂದು ಒಪ್ಪಿಕೊಳ್ಳುವ ವಿಧಿಯನ್ನು ಅದು ಪೆರ್ಫಿಲ್ಯಸಾಂವ್ ಎಂದು ಕರೆಯುತ್ತಿತ್ತು. ಒಪ್ಪಿಕೊಂಡ ಮೇಲೆ ಮಗುವಿಗೆ ಹೆಸರೂ ಹಕ್ಕೂ ಬರುತ್ತಿದ್ದುವು. ಸೂಪರ್‌ಮ್ಯಾನ್‌ನ ತದ್ರೂಪಿ ಸೂಪರ್‌ಬಾಯ್‌ನ ಕಥೆ ಇದನ್ನೇ ನೆನಪಿಸುತ್ತದೆ. 1993ರಲ್ಲಿ ಪ್ರಯೋಗಾಲಯದ ಕೂಸಾಗಿ ಕಾಣಿಸಿಕೊಂಡ ಆ ಹುಡುಗನಿಗೆ ಬಹುಕಾಲ ಸ್ವಂತ ಹೆಸರಿರಲಿಲ್ಲ. ಸೂಪರ್‌ಮ್ಯಾನ್ ಅವನಿಗೆ ತನ್ನ ವಂಶದ ‘ಎಲ್’ ಸೇರಿಸಿ ಕಾನ್-ಎಲ್ ಎಂಬ ಹೆಸರು ಕೊಟ್ಟನು. ಹುಡುಗನ ತಳಿಯಲ್ಲಿ ಅರ್ಧ ಸೂಪರ್‌ಮ್ಯಾನ್‌ನ ಪರಮಶತ್ರು ಲೆಕ್ಸ್ ಲೂಥರನದೆಂದು ನಂತರ, 2003ರಲ್ಲಿ ತಿಳಿದಾಗಲೂ ಆ ಹೆಸರು ಹಿಂದಕ್ಕೆ ಹೋಗಲಿಲ್ಲ. ಇದಕ್ಕೆ ಎದುರಾದ ಉದಾಹರಣೆ ಹಿಂದಿಯ ‘ಕ್ರಿಶ್ 3’. ಅದರ ಖಳನಾಯಕ ಕಾಲ್ ಕೂಡ ನಾಯಕನ ತಂದೆಯ ಜೀವಾಂಶದಿಂದ ಪ್ರಯೋಗದಲ್ಲಿ ಹುಟ್ಟಿದವನು. ಅಂಗವಿಕಲನೆಂದು ಅನಾಥಾಲಯಕ್ಕೆ ಸೇರಿಸಲ್ಪಟ್ಟವನು. ಅವನ ಕ್ರೌರ್ಯವನ್ನು ಚಿತ್ರ ವಿಸ್ತಾರವಾಗಿ ತೋರಿಸುತ್ತದೆ, ಅವನನ್ನು ತೊರೆದವರ ಹೊಣೆಯ ವಿಚಾರಣೆ ಮಾತ್ರ ನಡೆಯುವುದೇ ಇಲ್ಲ.

ಹೀಗಾಗಿ ನ್ಯಾಯವಾದ ಏರ್ಪಾಡು ಎರಡು ಮೆಟ್ಟಿಲಿನದಾಗಿರಬೇಕು. ನಿರ್ಮಿಸಿದವನು, ನಿರ್ಮಿಸಲು ಹಣ ಹೂಡಿದವನು, ಮಗುವಿನ ಪೋಷಣೆಯಿಂದ ತಪ್ಪಿಸಿಕೊಳ್ಳಕೂಡದು. ನೆರವಿನ ಸಂತಾನೋತ್ಪತ್ತಿ ಮತ್ತು ಬಾಡಿಗೆ ತಾಯ್ತನಗಳ ಕುರಿತ 2021ರ ಎರಡು ಭಾರತೀಯ ಕಾಯಿದೆಗಳು ಈ ದಿಕ್ಕಿನಲ್ಲಿಯೇ ಇವೆ: ಮಗುವನ್ನು ಬಯಸಿ ತಂದವರೇ ಅದರ ತಂದೆತಾಯಿ, ಅಂಡ ಅಥವಾ ವೀರ್ಯವನ್ನು ದಾನ ಮಾಡಿದವರಿಗೆ ಪಾಲಕತ್ವದ ಹಕ್ಕಿಲ್ಲ, ಹುಟ್ಟಿದ ಮಗುವನ್ನು ತೊರೆಯುವಂತಿಲ್ಲ. ಮೂಲನಾದವನು ತಾನಾಗಿ ಒಪ್ಪಿಕೊಂಡರೆ ಅವನ ಹೆಸರೂ ದಾಯವೂ ಮಗುವಿಗೆ ಸಲ್ಲಬೇಕು. ಒಪ್ಪದಿದ್ದರೆ ಮಗು ಆ ದಾಯವನ್ನು ಕಳೆದುಕೊಳ್ಳಬಹುದು, ವ್ಯಕ್ತಿತ್ವವನ್ನಲ್ಲ.

ಕನ್ನಡದ ವಿದ್ಯಾರ್ಥಿಗಳಿಗೆ ಈ ವಿಚಾರ ಹೊರಗಿನದಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಅಪ್ಪಣ್ಣನ ರೂಪ ತಾಳಿ ಬಂದ ನಾಗನಿಂದ ರಾಣಿ ಗರ್ಭಿಣಿಯಾಗುತ್ತಾಳೆ. ವಿವಾಹ ಉಳಿದಿರುವಾಗ ಹುಟ್ಟಿದ ಮಗು ಗಂಡನದೇ ಎಂದು ಭಾರತದ ಸಾಕ್ಷ್ಯ ಕಾನೂನು ಭಾವಿಸುತ್ತದೆ. ದಂಪತಿಗಳಿಗೆ ಪರಸ್ಪರ ಸಂಪರ್ಕಕ್ಕೆ ಅವಕಾಶವೇ ಇರಲಿಲ್ಲವೆಂದು ಸಿದ್ಧಪಡಿಸಿದರೆ ಮಾತ್ರ ಆ ಭಾವನೆ ಮುರಿಯುತ್ತದೆ. ಅಪ್ಪಣ್ಣ ಪಂಚಾಯಿತಿಯ ಮುಂದೆ ಮಾಡುವುದು ಇದೇ ವಾದವನ್ನು. ರೂಪ ಅಪ್ಪಣ್ಣನದು, ಬೀಜ ನಾಗನದು, ಮಗು ಯಾರದು? ನಾಟಕವು ಈ ಪ್ರಶ್ನೆಯನ್ನು ರಕ್ತದಿಂದ ಬಿಡಿಸುವುದಿಲ್ಲ. ಅಪ್ಪಣ್ಣ ಮಗುವನ್ನು ಒಪ್ಪಿಕೊಂಡು ಬಾಳುತ್ತಾನೆ. ಸತ್ತ ನಾಗನ ಉತ್ತರಕ್ರಿಯೆಯನ್ನು ಆ ಮಗುವಿನ ಕೈಯಿಂದಲೇ ಮಾಡಿಸಬೇಕೆಂದು ರಾಣಿ ಕೇಳುತ್ತಾಳೆ. ತಂದೆತನದ ಎರಡು ಋಣಗಳೂ ಸದ್ದಿಲ್ಲದೆ ಸಲ್ಲುತ್ತವೆ.

ಇನ್ನೂ ಹಿಂದಕ್ಕೆ ಹೋದರೆ ಮಾರ್ಕಂಡೇಯ ಪುರಾಣವಿದೆ. ಅದರ ಭಾಗವಾದ ದೇವೀಮಾಹಾತ್ಮ್ಯೆಯನ್ನು ಚಿದಾನಂದಾವಧೂತರ ಕನ್ನಡ ಕೃತಿಯ ಮೂಲಕ ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಪಾರಾಯಣ ಮಾಡುತ್ತಾರೆ. ಕರಾವಳಿಯಲ್ಲಿ ಅದು ಯಕ್ಷಗಾನದ ಪ್ರಸಂಗ. ಅಲ್ಲಿ ಬರುವ ರಕ್ತಬೀಜನ ನೆತ್ತರಿನ ಒಂದೊಂದು ಹನಿಯಿಂದಲೂ ಅವನಂಥದೇ ಅಸುರ ಹುಟ್ಟುತ್ತಾನೆ. ಹುಟ್ಟಿದವರೆಲ್ಲ ಹುಟ್ಟಿದೊಡನೆ ಹತರಾಗುತ್ತಾರೆ. ಸೂಪರ್‌ಹೀರೋ ಕಥೆಗಳ ತದ್ರೂಪಿ ಸೈನ್ಯಕ್ಕೂ ಇದೇ ಗತಿ. ಮನುಷ್ಯರನ್ನು ಕೊಲ್ಲೆನೆಂದು ವ್ರತ ತೊಟ್ಟ ನಾಯಕನೂ ಅವರನ್ನು ಅಳುಕಿಲ್ಲದೆ ಸಂಹರಿಸುತ್ತಾನೆ, ಏಕೆಂದರೆ ಅವರು ಲೆಕ್ಕಕ್ಕೆ ಮನುಷ್ಯರಲ್ಲ.

ಆದರೆ ಇದೇ ದೇವೀಮಾಹಾತ್ಮ್ಯೆಯ ಕಥೆ ಆರಂಭವಾಗುವುದು ಸಾವರ್ಣಿಯ ಹೆಸರಿನಿಂದ. ಸೂರ್ಯನ ತೇಜಸ್ಸನ್ನು ತಾಳಲಾರದೆ ಸಂಜ್ಞೆಯು ತನ್ನಂತೆಯೇ ಇರುವ ಛಾಯೆಯನ್ನು ಮನೆಯಲ್ಲಿರಿಸಿ ಹೊರಟುಹೋದಳು. ಸೂರ್ಯನಿಗೆ ಭೇದ ತಿಳಿಯಲಿಲ್ಲ. ಛಾಯೆಗೆ ಮಕ್ಕಳಾದರು. ಮಲಮಗನಾದ ಯಮನನ್ನು ಅವಳು ಶಪಿಸಿದಾಗ, ಹೆತ್ತ ತಾಯಿ ಮಗನನ್ನು ಶಪಿಸುವಳೆ ಎಂಬ ಅನುಮಾನದಿಂದ ಗುಟ್ಟು ಹೊರಬಿತ್ತು. ಸಂಜ್ಞೆ ಮರಳಿ ಬಂದಳು. ಆದರೆ ಛಾಯೆಯ ಮಕ್ಕಳು ನೆರಳಿನ ಮಕ್ಕಳೆಂದು ಪುರಾಣವು ಅವರನ್ನು ಅಳಿಸಿಹಾಕಲಿಲ್ಲ. ಶನಿಯು ಗ್ರಹವಾದನು, ತಪತಿಯು ಕುರುವಂಶದ ತಾಯಿಯಾದಳು. ಸಂಜ್ಞೆಯ ಮಗ ವೈವಸ್ವತನು ಈಗಿನ ಮನು; ಅವನ ನಂತರದ ಎಂಟನೆಯ ಮನು ಛಾಯೆಯ ಮಗ ಸಾವರ್ಣಿ. ಪ್ರತಿಬಿಂಬದ ಹೊಟ್ಟೆಯಲ್ಲಿ ಹುಟ್ಟಿದವನೇ ಮುಂದಿನ ಯುಗಕ್ಕೆ ಧರ್ಮವನ್ನು ವಿಧಿಸುವವನು. ಒಂದೇ ಗ್ರಂಥದಲ್ಲಿ ಎರಡು ನ್ಯಾಯಗಳು ಹೀಗೆ ಅಕ್ಕಪಕ್ಕದಲ್ಲಿ ಕುಳಿತಿವೆ. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಓದುಗರ ವಿವೇಕಕ್ಕೆ ಬಿಟ್ಟದ್ದು.

ಇದು ಕಲ್ಪನೆಯ ಲೋಕದ ಚರ್ಚೆ ಮಾತ್ರವಲ್ಲ. 2008ರ ಜುಲೈನಲ್ಲಿ ಗುಜರಾತಿನ ಆಣಂದದಲ್ಲಿ ಬಾಡಿಗೆ ತಾಯಿಯಿಂದ ಜಪಾನಿ ದಂಪತಿಗಳಿಗಾಗಿ ಹೆಣ್ಣುಶಿಶುವೊಂದು ಜನಿಸಿತು. ಹುಟ್ಟುವ ಮೊದಲೇ ದಂಪತಿಗಳು ಬೇರೆಯಾಗಿದ್ದರು. ಅಂಡಾಣು ಕೊಟ್ಟವಳ ಹೆಸರು ಗೊತ್ತಿಲ್ಲ, ಹೊತ್ತವಳಿಗೆ ಹಕ್ಕಿಲ್ಲ, ಬಯಸಿದವಳಿಗೆ ಬೇಡ. ಮೂವರು ತಾಯಂದಿರಿದ್ದೂ ತಾಯಿಯಿಲ್ಲದ ಆ ಶಿಶುವಿಗೆ ದೇಶವೂ ಇರಲಿಲ್ಲ. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ತಿಂಗಳುಗಳ ನಂತರ ವಿಶೇಷ ಗುರುತುಪತ್ರವೊಂದರ ಮೇಲೆ ಅದು ಅಜ್ಜಿಯೊಡನೆ ಜಪಾನಿಗೆ ತೆರಳಿತು. ಆ ಶಿಶು ತದ್ರೂಪಿಯಲ್ಲ, ಸೂಪರ್‌ಹೀರೋ ಕಥೆಯದೂ ಅಲ್ಲ. ತಂತ್ರಜ್ಞಾನವು ಮಗುವನ್ನು ತಂದು ಬಾಗಿಲಲ್ಲಿ ನಿಲ್ಲಿಸಿದಾಗ ಕಾನೂನು ಇನ್ನೂ ಕಾಗದ ಹುಡುಕುತ್ತಿತ್ತು, ಅಷ್ಟೆ.

ಕಾಗದ ಹುಡುಕುವ ಮಕ್ಕಳನ್ನು ಕಾಣಲು ಗೋವೆಯವರು ಆಣಂದಕ್ಕೂ ಹೋಗಬೇಕಾಗಿಲ್ಲ. ಇಲ್ಲಿನ ಕಟ್ಟಡಗಳನ್ನು ಕಟ್ಟಲು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳಿಂದ ಬರುವ ಕೂಲಿಕಾರರ ಮಕ್ಕಳಲ್ಲಿ ಕೆಲವರು ತಾತ್ಕಾಲಿಕ ಶೆಡ್ಡುಗಳಲ್ಲಿ ಹುಟ್ಟುತ್ತಾರೆ. ಊರಿನ ದಾಖಲೆಯಲ್ಲಿ ಅವರಿಲ್ಲ, ಇಲ್ಲಿನ ದಾಖಲೆಯಲ್ಲಿಯೂ ಇಲ್ಲ. ಜನನ ನೋಂದಣಿ ಕಾಯಿದೆಗೆ ತಂದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಅಂದಿನಿಂದ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಜೀವಂತವಾಗಿ, ಮನುಷ್ಯಾಕೃತಿಯಲ್ಲಿಯೇ ಹುಟ್ಟಿದ ಈ ಮಕ್ಕಳಿಗೆ ಕೊರತೆಯಾಗಿರುವುದು ಒಂದು ಹಾಳೆ ಮಾತ್ರ. ಆ ಹಾಳೆಯಿಲ್ಲದೆ ಶಾಲೆಯ ಬಾಗಿಲಲ್ಲಿ ನಿಂತ ಮಗುವಿಗೂ ಹೆಸರಿನ ಬದಲು ಸಂಖ್ಯೆ ಹೊತ್ತ ಲಾರಾಳಿಗೂ ಆಗುತ್ತಿರುವ ಅನ್ಯಾಯ ಒಂದೇ ಬಗೆಯದು. ಹುಟ್ಟಿಗಿಂತ ಹುಟ್ಟಿನ ಪುರಾವೆ ದೊಡ್ಡದೆಂದು ಎಣಿಸುವ ಅನ್ಯಾಯ ಅದು.

ತದ್ರೂಪಿ ಮಾನವನು ಎಂದಾದರೂ ಹುಟ್ಟುವನೋ ಇಲ್ಲವೋ. ಅವನ ಹಕ್ಕಿನ ಪರವಾಗಿ ಇಂದು ವಾದಿಸಲು ಕಲಿತ ವಿದ್ಯಾರ್ಥಿಯು, ನಾಳೆ ಪಣಜಿಯ ಯಾವುದಾದರೂ ಶಾಲೆಯಲ್ಲೋ ಕಚೇರಿಯಲ್ಲೋ ಮೇಜಿನ ಆ ಬದಿಗೆ ಕುಳಿತಾಗ, ಎದುರಿಗೆ ನಿಂತ ಮಗುವಿನ ಹೆಸರನ್ನು ಮೊದಲು ಕೇಳುವನು, ಕಾಗದವನ್ನು ಆಮೇಲೆ. ಸಾಹಿತ್ಯದ ಓದಿನಿಂದ ನಿರೀಕ್ಷಿಸಬಹುದಾದ ಪ್ರಯೋಜನ ಅಷ್ಟಾದರೂ ಇರಬೇಕು.